ರಜೆಯ ಕಾರಣ

ವಾಸ್ಕೊ ನಗರದ ಪ್ರವಾಸ ಸಂಸ್ಥೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವ ತರುಣಿಯೊಬ್ಬಳು ಮಾಗಿಯ ಒಂದು ಸಂಜೆ ರಜೆಯ ಅರ್ಜಿ ಬರೆಯಲು ಕುಳಿತಳು. ಹೆಸರು ಬರೆದಳು, ದಿನಾಂಕ ಬರೆದಳು. ‘ಕಾರಣ’ ಎಂಬ ಸಾಲಿಗೆ ಬಂದಾಗ ಲೇಖನಿ ನಿಂತಿತು. ನಾಲ್ಕು ವರ್ಷಗಳ ನೌಕರಿಯಲ್ಲಿ ಆಕೆ ತೆಗೆದುಕೊಂಡ ಪ್ರತಿಯೊಂದು ರಜೆಗೂ ಕಾರಣವಿತ್ತು. ಊರಿನ ಜಾತ್ರೆ, ಅಜ್ಜಿಯ ತಿಥಿ, ತಮ್ಮನ ಜ್ವರ, ಚಿಕ್ಕಪ್ಪನ ಮಗಳ ಮದುವೆ, ರೇಷನ್ ಕಾರ್ಡಿನ ತಿದ್ದುಪಡಿ. ಈ ಸಲ ಯಾರೂ ಸತ್ತಿರಲಿಲ್ಲ, ಯಾರ ಮದುವೆಯೂ ಇರಲಿಲ್ಲ. ಬಹಳ ಹೊತ್ತು ಯೋಚಿಸಿ ಆಕೆ ‘ಪ್ರವಾಸ’ ಎಂದು ಬರೆದಳು. ಅದನ್ನು ಓದಿದ ವ್ಯವಸ್ಥಾಪಕರು ತಲೆಯೆತ್ತಿ ನೋಡಿ, ಏನೂ ಕೇಳದೆ ಸಹಿ ಹಾಕಿದರು.

ಪ್ರವಾಸವೆಂಬ ಶಬ್ದ ಆಕೆಗೆ ಹೊಸದಲ್ಲ. ಆಕೆಯ ಅನ್ನ ಹುಟ್ಟುವುದೇ ಅದರಿಂದ. ಮದುವೆಯಾದ ಹೊಸತರಲ್ಲಿ ಇಟಲಿಗೆ ಹೋಗಬಯಸುವವರ ಕಾಗದಪತ್ರಗಳನ್ನು ಹೊಂದಿಸುವುದು ಆಕೆಯ ಮುಖ್ಯ ಕೆಲಸ. ವೀಸಾ ಶುಲ್ಕ 90 ಯೂರೊ, ಕಡಿಮೆಯೆಂದರೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ಉದ್ಯೋಗದಾತರ ಪತ್ರ, ಹಿಂದಿರುಗುವ ಟಿಕೇಟು. ವೇಗದ ರೈಲಿನಲ್ಲಿ ರೋಮಿನಿಂದ ಫ್ಲಾರೆನ್ಸಿಗೆ ಸುಮಾರು ಒಂದೂವರೆ ತಾಸು. ಉಫೀಜಿ ಚಿತ್ರಶಾಲೆಗೆ ಸೋಮವಾರ ಬಾಗಿಲು. ವ್ಯಾಟಿಕನ್ನಿನ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಭಾನುವಾರ ತೆರೆಯುವುದಿಲ್ಲ. ಇವೆಲ್ಲ ಆಕೆಗೆ ಬಾಯಿಪಾಠ. ಆದರೆ ತಾನು ಅಂಥ ಅರ್ಜಿಯೊಂದನ್ನು ಹಾಕಿದರೆ ತನ್ನ ಬ್ಯಾಂಕಿನ ಪುಸ್ತಕವನ್ನು ನೋಡಿಯೇ ಅದನ್ನು ಹಿಂದಕ್ಕೆ ಕಳಿಸಿಯಾರು ಎಂಬುದೂ ಆಕೆಗೆ ಚೆನ್ನಾಗಿ ಗೊತ್ತು.

ಆಕೆಯ ತಂದೆ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನಿಂದ ಮೂವತ್ತು ವರ್ಷಗಳ ಹಿಂದೆ ಗೌಂಡಿ ಕೆಲಸಕ್ಕೆಂದು ಗೋವೆಗೆ ಬಂದವರು. ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕಿ ಮಕ್ಕಳನ್ನು ಓದಿಸಿದವರು. ಜಗತ್ತೆಲ್ಲ ವಿಹಾರಕ್ಕೆ ಬರುವ ನಾಡಿನಲ್ಲಿ ಆ ಕುಟುಂಬ ಮೂರು ದಶಕ ಕಳೆದಿದೆ. ವಿಹಾರಕ್ಕೆಂದು ಒಂದು ದಿನವೂ ಹೊರಟಿಲ್ಲ. ಸಮುದ್ರವನ್ನು ಕಂಡಿದ್ದಾರೆ, ಬೈನಾದ ದಂಡೆಯಲ್ಲಿ. ಅದೂ ಊರಿನಿಂದ ನೆಂಟರು ಬಂದಾಗ ಅವರಿಗೆ ತೋರಿಸಲು. ನಮ್ಮ ಅನೇಕ ಮನೆಗಳ ಕಥೆ ಇದೇ ಆದ್ದರಿಂದ ಇದರಲ್ಲಿ ವಿಶೇಷವೇನಿಲ್ಲ.

ಆಕೆಯ ಮನಸ್ಸಿನಲ್ಲಿ ಹೊರಡುವ ಬೀಜ ಬಿತ್ತಿದವರು ಇಟಲಿಯ ಇಬ್ಬರು ವೃದ್ಧೆಯರು. ಹಳೆ ಗೋವೆಗೆ ವಾಹನ ಬೇಕೆಂದು ಕಚೇರಿಗೆ ಬಂದ ಅವರು, ತಮ್ಮ ಫ್ಲಾರೆನ್ಸಿನ ಶಿಲ್ಪಿಯೊಬ್ಬನ ಕೆಲಸ ಅಲ್ಲಿದೆಯೆಂದೂ ಅದನ್ನು ನೋಡಲೆಂದೇ ಬಂದೆವೆಂದೂ ಹೇಳಿದರು. ಫ್ಲಾರೆನ್ಸಿಗೆ ಜನರನ್ನು ಕಳಿಸುವ ಮೇಜಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಫ್ಲಾರೆನ್ಸಿನ ಒಂದು ತುಣುಕು ಇದ್ದುದನ್ನು ಆಕೆ ಅರಿತಿರಲಿಲ್ಲ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹದ ದರ್ಶನ ನಡೆದಾಗ ಎಷ್ಟೋ ಯಾತ್ರಿಕರಿಗೆ ವಾಹನ ಗೊತ್ತುಮಾಡಿಕೊಟ್ಟವಳೂ ಆಕೆಯೇ. ಆಗಲೂ ತಾನು ಹೋಗಬಹುದೆಂದು ತೋಚಿರಲಿಲ್ಲ.

ಬುಧವಾರದ ಬೆಳಿಗ್ಗೆ ತಾಯಿಗೆ ವಿಷಯ ತಿಳಿಯಿತು.

“ಒಬ್ಬಾಕೀನ ಹೊಂಟಿಯೇನು?”

“ಹೂಂ ಯವ್ವಾ, ಒಬ್ಬಾಕೀನ.”

“ಯಾರ ಮನಿಗೆ?”

“ಯಾರ ಮನಿಗೂ ಅಲ್ಲ. ಸುಮ್ಮನ ನೋಡಾಕ.”

ತಾಯಿಗೆ ಈ ಉತ್ತರ ಅರ್ಥವಾಗಲಿಲ್ಲ. ಆದರೂ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಟ್ಟಳು. ಎಲ್ಲಿಗೆಂದು ತಿಳಿಯದಿದ್ದರೂ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ.

ಕದಂಬ ಬಸ್ಸಿನಲ್ಲಿ ಕಿಟಕಿಯ ಬದಿಯ ಆಸನ ಸಿಕ್ಕಿದ್ದೇ ಆ ದಿನದ ಮೊದಲ ಸುಖ. ಜುವಾರಿ ನದಿಯ ಹೊಸ ಸೇತುವೆಯ ಮೇಲೆ ಬಸ್ಸು ಏರಿದಾಗ ಬಿಗಿದ ಉಕ್ಕಿನ ಹಗ್ಗಗಳ ನಡುವಿನಿಂದ ನೀರು ತುಂಡುತುಂಡಾಗಿ ಹೊಳೆಯಿತು. ಅಗಶಿ ದಾಟಿ ಗೋವಾ ವೆಲ್ಹಾ ಬಂತು. ಹನ್ನೊಂದನೆಯ ಶತಮಾನದಲ್ಲಿ ಗೋವೆಯ ಕದಂಬರು ಚಂದ್ರಪುರದಿಂದ ರಾಜಧಾನಿಯನ್ನು ಈ ಭಾಗಕ್ಕೆ ತಂದು ಗೋಪಕಪಟ್ಟಣವೆಂದು ಕರೆದರು. ಇದು ಆಗ ಹಡಗುಗಳು ಬಂದು ನಿಲ್ಲುವ ರೇವು. ಆ ಅರಸರು ಕನ್ನಡದಲ್ಲಿಯೂ ಶಾಸನ ಬರೆಸಿದವರು. ಇಂದು ಅವರ ಹೆಸರು ಬಸ್ಸುಗಳ ಮೇಲೆ ಉಳಿದಿದೆ. ಆ ಹೆಸರು ಹೊತ್ತ ಬಸ್ಸಿನಲ್ಲಿ ಕುಳಿತ ನಮ್ಮ ತರುಣಿ, ತಾಯಿಯ ಕರೆ ಬಂದಾಗ ಮೊಬೈಲಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ, “ಆಮ್ಯಾಲೆ ಮಾತಾಡ್ತೀನಿ” ಎಂದಳು. ಬಸ್ಸಿನಲ್ಲಿ ಕನ್ನಡ ಕೇಳಿದೊಡನೆ ‘ಘಾಟಿ’ ಎಂದು ತಿರುಗಿ ನೋಡುವ ಕಣ್ಣುಗಳ ಅನುಭವ ಆಕೆಗೆ ಶಾಲೆಯ ದಿನಗಳಿಂದಲೂ ಇದೆ. ದನಿ ತಗ್ಗಿಸುವುದು ಅವಳಿಗೆ ಈಗ ಅಭ್ಯಾಸ.

ಪಣಜಿಯಲ್ಲಿ ಬಸ್ಸು ಬದಲಿಸಿ ಹಳೆ ಗೋವೆ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಬೋಂ ಜೆಜುಸ್ ಬೆಸಿಲಿಕಾದ ಮುಂದೆ ಆಕೆ ಮೊದಲು ಗಮನಿಸಿದ್ದು ಗೋಡೆಯನ್ನು. 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡ ಈ ಇಗರ್ಜಿಯ ಹೊರಗೋಡೆಗೆ ಗಾರೆಯಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲು ಬಯಲಾಗಿ ನಿಂತಿದೆ. ಗೌಂಡಿಯ ಮಗಳಿಗೆ ಇದು ಕಾಣದೆ ಹೋಗುವುದುಂಟೆ? ತಂದೆಗೆ ತೋರಿಸಲೆಂದು ಒಂದು ಚಿತ್ರ ತೆಗೆದುಕೊಂಡಳು. ಈ ಗೋಡೆಗೂ ಒಂದು ಕಾಲದಲ್ಲಿ ಗಾರೆಯ ಹೊದಿಕೆ ಇತ್ತು. 1950ರ ದಶಕದಲ್ಲಿ, ಕಟ್ಟಡ ಪ್ರಾಚೀನವಾಗಿ ಕಾಣಲೆಂದು ಅದನ್ನು ಕೆತ್ತಿ ತೆಗೆದರು. ಅಂದಿನಿಂದ ಗೋವೆಯ ಮಳೆಯನ್ನು ಕಲ್ಲು ನೇರವಾಗಿ ಮೈಮೇಲೆ ಸುರಿಸಿಕೊಳ್ಳುತ್ತಿದೆ.

ಒಳಗೆ, ಬಲಬದಿಯ ಗುಡಿಯಲ್ಲಿ ಫ್ಲಾರೆನ್ಸ್ ಇತ್ತು. ಟಸ್ಕನಿಯ ಮಹಾಪ್ರಭು ಮೂರನೆಯ ಕೊಸಿಮೊ ದೆ ಮೆದಿಚಿ ಕಳಿಸಿದ ಕಾಣಿಕೆ ಅದು. ಸಂತನ ತಲೆಯ ಕೆಳಗಿದ್ದ ದಿಂಬನ್ನು ಪಡೆದುದಕ್ಕೆ ಪ್ರತಿಯಾಗಿ ಕಳಿಸಿದನೆಂದು ಹೇಳುತ್ತಾರೆ. ಜೊವಾನ್ನಿ ಬತಿಸ್ತ ಫೊಜ್ಜೀನಿ ಎಂಬ ಶಿಲ್ಪಿ ಹತ್ತು ವರ್ಷ ದುಡಿದು ಬಣ್ಣಬಣ್ಣದ ಅಮೃತಶಿಲೆಯನ್ನೂ ಜ್ಯಾಸ್ಪರ್ ಕಲ್ಲನ್ನೂ ಕೂರಿಸಿ, ನಾಲ್ಕು ಕಡೆ ಸಂತನ ಜೀವನದ ಕಂಚಿನ ಫಲಕಗಳನ್ನು ಜೋಡಿಸಿ ಈ ಪೀಠವನ್ನು ಸಿದ್ಧಪಡಿಸಿದ. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದ ಅದನ್ನು 1698ರಲ್ಲಿ ಇಲ್ಲಿ ನಿಲ್ಲಿಸಲು ಪ್ಲಾಚಿದೊ ರಂಪೋನಿ ಎಂಬ ಕುಶಲಿ ಫ್ಲಾರೆನ್ಸಿನಿಂದಲೇ ಬಂದಿದ್ದ. ಅದರ ಮೇಲಿರುವ ಬೆಳ್ಳಿಯ ಪೆಟ್ಟಿಗೆ ಮಾತ್ರ 1636-37ರಲ್ಲಿ ಗೋವೆಯ ಅಕ್ಕಸಾಲಿಗರು ಮಾಡಿದ್ದು. ಇಟಲಿಯ ಕಲ್ಲು ಕೆಳಗೆ, ಗೋವೆಯ ಬೆಳ್ಳಿ ಮೇಲೆ.

ಯಾತ್ರಿಕರ ಗುಂಪು ಬಂದು ಹೋಯಿತು; ಇನ್ನೊಂದು ಗುಂಪು ಬಂದು ಹೋಯಿತು. ಆಕೆಗೆ ಹೋಗುವ ಅವಸರವಿರಲಿಲ್ಲ. ಕಲ್ಲಿಗೆ ಕಲ್ಲು ಸೇರುವ ಸಂಧಿಯನ್ನು ಹುಡುಕಿದಳು, ಕಾಣಲಿಲ್ಲ. ‘ಬೆರಳುಗುರು ಸಿಗಬಾರದು’ ಎಂದು ನೆಲಕ್ಕೆ ಹಾಸುಗಲ್ಲು ಕೂರಿಸುವಾಗ ತಂದೆ ಹೇಳುತ್ತಿದ್ದ ಮಾತು ನೆನಪಾಯಿತು. ಯಾವ ಮಾರ್ಗದರ್ಶಿಯೂ ಹೇಳದ ಒಂದು ಸಂಗತಿಯನ್ನು ತಾನಾಗಿ ಕಂಡುಕೊಂಡ ಸಂತೋಷದಲ್ಲಿ ಆಕೆ ಹೊರಗೆ ಬಂದಳು.

ಅಲ್ಲಿಂದ ಏರು ಹತ್ತಿದರೆ ಸಂತ ಆಗಸ್ಟೀನರ ಮಠದ ಹಾಳು ಗೋಪುರ. 46 ಮೀಟರು ಎತ್ತರದ, ಅರ್ಧ ಕುಸಿದ ಕೆಂಪು ಕಲ್ಲಿನ ಕಂಬವದು. 1624ರಲ್ಲಿ ಇರಾನಿನ ಶಿರಾಜಿನಲ್ಲಿ ಶಾ ಅಬ್ಬಾಸನ ಆಜ್ಞೆಯಿಂದ ಕೊಲ್ಲಲ್ಪಟ್ಟ ಜಾರ್ಜಿಯದ ರಾಣಿ ಕೆತೆವಾನಳ ಅಸ್ಥಿಯ ಒಂದು ಭಾಗವನ್ನು ಪಾದ್ರಿಗಳು ಈ ಮಠಕ್ಕೆ ತಂದಿದ್ದರು. ಅವಶೇಷಗಳ ನಡುವೆ ನಮ್ಮ ಪುರಾತತ್ತ್ವ ಇಲಾಖೆ ಅದನ್ನು ಹುಡುಕಿ ತೆಗೆಯಿತು. 2021ರ ಜುಲೈನಲ್ಲಿ ಭಾರತ ಅದನ್ನು ಜಾರ್ಜಿಯಕ್ಕೆ ಒಪ್ಪಿಸಿತು.

ಆ ರಾಣಿ ಸಾಯುವ ಕಾಲಕ್ಕೆ ಜಾರ್ಜಿಯದ ಇನ್ನೊಬ್ಬ ಹೆಣ್ಣು ಜೀವಂತವಾಗಿ ಇದೇ ಊರಿನಲ್ಲಿದ್ದಳು. ಆಕೆಯ ಹೆಸರು ಮಾರಿಯ ತಿನಾತಿನ್. ಶಾ ಅಬ್ಬಾಸನ ಯುದ್ಧಗಳಲ್ಲಿ ತಬ್ಬಲಿಯಾಗಿ, ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಮತ್ತು ಅವನ ಹೆಂಡತಿ ಮಾನಿಯ ಆಶ್ರಯದಲ್ಲಿ ಬೆಳೆದ ಹುಡುಗಿ. 1621ರ ಕೊನೆಗೆ ಹೊರ್ಮುಜ್ ಸಮೀಪದಲ್ಲಿ ಮಾನಿ ತೀರಿಕೊಂಡಳು. ಪಿಯೆತ್ರೊ ಹೆಂಡತಿಯ ದೇಹಕ್ಕೆ ಲೇಪನ ಮಾಡಿಸಿ ಪೆಟ್ಟಿಗೆಯಲ್ಲಿರಿಸಿಕೊಂಡು, ಈ ಹುಡುಗಿಯನ್ನೂ ಕರೆದುಕೊಂಡು ಸೂರತ್ತಿನ ಮಾರ್ಗವಾಗಿ 1623ರ ಏಪ್ರಿಲಿನಲ್ಲಿ ಗೋವೆಗೆ ಬಂದಿಳಿದ. ಮದುವೆಯಾಗದ ಹೆಣ್ಣು ಪರಪುರುಷನೊಡನೆ ಒಂದೇ ಸೂರಿನಡಿ ಇರುವುದು ಪೋರ್ಚುಗೀಸರಿಗೆ ಸರಿಕಾಣಲಿಲ್ಲ. ಅವಳನ್ನು ಪೋರ್ಚುಗೀಸ್ ಮಹಿಳೆಯೊಬ್ಬಳ ಮನೆಯಲ್ಲಿ ಬಿಡಲಾಯಿತು.

ಪಿಯೆತ್ರೊ ದೆಲ್ಲ ವಾಲ್ಲೆಯ ಹೆಸರು ಕನ್ನಡ ಓದುಗರಿಗೆ ಹೊಸದೇನಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊರಟು ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಹೋದವನು. ವೆಂಕಟಪ್ಪ ನಾಯಕನ ರಾಜಧಾನಿಯನ್ನು ಕಂಡವನು. ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆದು ಲೆಕ್ಕ ಕಲಿಯುವ ನಮ್ಮ ಮಕ್ಕಳನ್ನು ವರ್ಣಿಸಿದವನು. ಉಳ್ಳಾಲದ ರಾಣಿಯನ್ನು ಭೇಟಿಯಾಗಿ ಆ ಮಾತುಕತೆಯನ್ನು ಬರೆದಿಟ್ಟವನು. ಆತನ ಪತ್ರಗಳು ನಮಗೆ ಚರಿತ್ರೆಯ ಆಕರ. ಅವನು ಘಟ್ಟ ಹತ್ತಿ ಇಳಿಯುವಷ್ಟು ಕಾಲವೂ ತಿನಾತಿನ್ ಗೋವೆಯಲ್ಲಿಯೇ ಉಳಿದಿದ್ದಳು. 1624ರ ನವೆಂಬರಿನಲ್ಲಿ ಅವಳನ್ನು ಮತ್ತೆ ಹಡಗು ಹತ್ತಿಸಲಾಯಿತು. ಮಸ್ಕತ್, ಬಸ್ರಾ, ಮರುಭೂಮಿ, ಅಲೆಪ್ಪೊ, 1626ರಲ್ಲಿ ರೋಮ್. ಮಾನಿಯ ದೇಹವನ್ನು ಅಲ್ಲಿಯ ಇಗರ್ಜಿಯಲ್ಲಿ ಸಮಾಧಿ ಮಾಡಿದ ಮೇಲೆ ಪಿಯೆತ್ರೊ ತಿನಾತಿನಳನ್ನು ಮದುವೆಯಾದ. ಹದಿನಾಲ್ಕು ಮಕ್ಕಳಾದರು.

ಜಾರ್ಜಿಯ, ಇರಾನ್, ಗುಜರಾತ್, ಗೋವೆ, ಅರೇಬಿಯ, ಇಟಲಿ: ಆ ಕಾಲದ ಯಾವ ಕನ್ನಡ ಹೆಣ್ಣುಮಗಳೂ ಕನಸಿನಲ್ಲಿ ಕಾಣದಷ್ಟು ಭೂಮಿಯನ್ನು ತಿನಾತಿನ್ ಕಂಡಳು. ಆದರೆ ಪತ್ರಗಳೆಲ್ಲ ಪಿಯೆತ್ರೊನವು. ಹೊರಡುವ ದಿನವನ್ನು ನಿಶ್ಚಯಿಸಿದವರು, ಇಳಿಯುವ ಮನೆಯನ್ನು ಗೊತ್ತುಮಾಡಿದವರು ಬೇರೆಯವರು. ಗೋವೆಯಲ್ಲಿ ಕಳೆದ ಹತ್ತೊಂಬತ್ತು ತಿಂಗಳುಗಳಲ್ಲಿ ಯಾವ ಹಣ್ಣಿನ ರುಚಿ ಅವಳಿಗೆ ಹಿಡಿಸಿತು, ಯಾವ ಕಿಟಕಿಯಲ್ಲಿ ಕುಳಿತು ನದಿಯನ್ನು ನೋಡಿದಳು, ಒಂದು ಸಂಜೆಯಾದರೂ ತನಗೆ ಬೇಕಾದ ಕಡೆ ತಾನೇ ನಡೆದು ಹೋದಳೆ, ಈ ಪ್ರಶ್ನೆಗಳನ್ನು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ದೂರ ಹೋದವರೆಲ್ಲ ಪ್ರವಾಸ ಮಾಡಿದವರಲ್ಲ. ಊರಿನ ಬರಗಾಲಕ್ಕೆ ಹೆದರಿ ಗಂಟುಮೂಟೆ ಕಟ್ಟಿ ಗೋವೆಗೆ ಬಂದ ನಮ್ಮ ತಾಯಂದಿರಿಗೂ ಇದು ಗೊತ್ತು. ರಾತ್ರಿಯ ಬಸ್ಸಿನಲ್ಲಿ ಘಟ್ಟ ಇಳಿದ ಅವರು ದಾರಿಯನ್ನು ನೋಡಿರಲಿಲ್ಲ. ಮಡಿಲಲ್ಲಿ ಮಲಗಿದ ಕೂಸನ್ನು ನೋಡುತ್ತಿದ್ದರು.

ಈ ಕಥೆಯೊಂದನ್ನೂ ಅರಿಯದ ನಮ್ಮ ತರುಣಿ ಗೋಪುರದ ನೆರಳಿನಲ್ಲಿ ಅರ್ಧ ತಾಸು ಸುಮ್ಮನೆ ಕುಳಿತಿದ್ದಳು. ಅರ್ಧ ತಾಸು ಏನೂ ಮಾಡದೆ ಕುಳಿತದ್ದು ಎಷ್ಟು ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿ, ಸಿಗದೆ, ಎದ್ದಳು.

ಗುಡ್ಡ ಇಳಿದು ನದಿಯ ಕಡೆಗೆ ನಡೆದರೆ ಸಂತ ಕಯೆತಾನರ ಇಗರ್ಜಿ. ಪೋಪ್ ಎಂಟನೆಯ ಅರ್ಬನ್ ಗೋಲ್ಕೊಂಡಕ್ಕೆಂದು ಕಳಿಸಿದ ಇಟಲಿಯ ತಿಯಾಟಿನ್ ಪಂಥದ ಪಾದ್ರಿಗಳಿಗೆ ಅಲ್ಲಿ ನೆಲೆ ಸಿಗಲಿಲ್ಲ. ಅವರು ಗೋವೆಯಲ್ಲಿ ನಿಂತರು. ಬೇರೆಡೆಗೆ ಹೊರಟು ಗೋವೆಯಲ್ಲಿ ನೆಲೆಸಿದವರ ಪಟ್ಟಿ ಉದ್ದವಾದುದು. ಅದರಲ್ಲಿ ಇವರೂ ಒಬ್ಬರು. 1661ರ ಹೊತ್ತಿಗೆ ಪೂರ್ಣಗೊಂಡ ಈ ಇಗರ್ಜಿಗೆ ರೋಮಿನ ಸಂತ ಪೀಟರರ ಮಹಾಮಂದಿರವೇ ಮಾದರಿ. ಎತ್ತರದ ಕಂಬಗಳು, ನಡುವೆ ಗುಮ್ಮಟ, ಗುಮ್ಮಟದ ಕಿಟಕಿಗಳಿಂದ ಇಳಿಯುವ ಬೆಳಕು. ಎಷ್ಟೋ ಜನರಿಗೆ ಟಿಕೇಟು ತೆಗೆದುಕೊಟ್ಟ ಆ ಮಹಾಮಂದಿರದ ಕಿರಿಯ ರೂಪದ ಕೆಳಗೆ ನಿಂತು ಆಕೆ ಕತ್ತು ನೋಯುವವರೆಗೆ ಮೇಲೆ ನೋಡಿದಳು.

ಆಗ ಇನ್ನೊಂದು ಗುಮ್ಮಟ ನೆನಪಾಯಿತು. ಆರನೆಯ ತರಗತಿಯಲ್ಲಿದ್ದಾಗ ಊರಿಗೆ ಹೋದ ಒಂದು ಬೇಸಿಗೆಯಲ್ಲಿ ಸೋದರಮಾವ ವಿಜಯಪುರಕ್ಕೆ ಕರೆದೊಯ್ದು ಗೋಳಗುಮ್ಮಟ ತೋರಿಸಿದ್ದರು; ಆ ಕಡೆ ಮಾವ ಪಿಸುಗುಟ್ಟಿದ್ದು ಈ ಕಡೆಯ ಗೋಡೆಗೆ ಕಿವಿಯಿಟ್ಟ ಆಕೆಗೆ ಕೇಳಿಸಿತ್ತು. ರೋಮಿನ ಗುಮ್ಮಟದ ಒಳವ್ಯಾಸ ಸುಮಾರು 42 ಮೀಟರು. ಗೋಳಗುಮ್ಮಟದ ಹೊರವ್ಯಾಸ ಸುಮಾರು 44. ಮುಹಮ್ಮದ್ ಆದಿಲ್ ಶಾ ತೀರಿಕೊಂಡ 1656ರ ಸುಮಾರಿಗೆ ಅಲ್ಲಿ ಗೋಳಗುಮ್ಮಟದ ಕೆಲಸ ಮುಗಿಯುತ್ತಿದ್ದಾಗ ಇಲ್ಲಿ ಕಯೆತಾನರ ಗೋಡೆಗಳು ಏಳುತ್ತಿದ್ದವು. ಆ ಇಗರ್ಜಿಯ ಪಕ್ಕದಲ್ಲಿಯೇ ವಿಜಯಪುರದ ಆದಿಲ್ ಶಾಹಿಗಳ ಅರಮನೆಯ ಹೆಬ್ಬಾಗಿಲು ಒಂಟಿಯಾಗಿ ನಿಂತಿದೆ. ನಯವಾಗಿ ಕೆತ್ತಿದ ಕಪ್ಪು ಕಲ್ಲಿನ ಕಂಬಗಳು, ಪಕ್ಕಗಳಲ್ಲಿ ಜಾಲಂಧ್ರ. 1510ರಲ್ಲಿ ಅಲ್ಬುಕರ್ಕ್ ಈ ನಗರವನ್ನು ಕಿತ್ತುಕೊಂಡದ್ದು ಅವರಿಂದಲೇ. ಫಲಕದಲ್ಲಿ ಬಿಜಾಪುರದ ಹೆಸರನ್ನು ಓದಿ ಆಕೆ ಮತ್ತೊಮ್ಮೆ ಓದಿದಳು. ಇಟಲಿಯನ್ನು ನೋಡಲು ಬಂದವಳಿಗೆ ತನ್ನ ಜಿಲ್ಲೆಯ ಬಾಗಿಲು ಎದುರಾಯಿತು. ಅದರ ಹೊಸ್ತಿಲ ಬಳಿ ನಿಂತು ತನ್ನದೇ ಒಂದು ಚಿತ್ರ ತೆಗೆದುಕೊಂಡಳು. ಇಡೀ ದಿನದಲ್ಲಿ ಮುಖ ಕಾಣುವಂತೆ ತೆಗೆದ ಚಿತ್ರ ಅದೊಂದೇ.

ವೈಸರಾಯರ ಕಮಾನಿನ ಕೆಳಗೆ ಹಾದು ಹೋದರೆ ದಿವಾಡಿ ದ್ವೀಪಕ್ಕೆ ಸಾಗಿಸುವ ಫೆರಿ ದೋಣಿ ಕಾದಿರುತ್ತದೆ. ನಡೆದು ಬರುವವರಿಗೆ ಹಣವಿಲ್ಲ. ಟಿಕೇಟು ಎಲ್ಲಿ ಕೊಡುತ್ತಾರೆಂದು ಆಕೆ ಕೇಳಿದಾಗ ದೋಣಿಯ ಸಿಬ್ಬಂದಿ ನಕ್ಕು ಒಳಗೆ ಹೋಗುವಂತೆ ಕೈಮಾಡಿದ. ದಡ ಬಿಟ್ಟ ದೋಣಿಯ ಕಟಕಟೆಗೆ ಒರಗಿ ನಿಂತಾಗ ನೀರಿನ ಗಾಳಿ ಮುಖಕ್ಕೆ ಬಂತು. ಈ ಮಾಂಡವಿ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ನದಿ. ಮೂರು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ಅಳೆದು ಜಗಳವಾಡಿದ ನೀರು ಆ ಮಧ್ಯಾಹ್ನ ಯಾರನ್ನೂ ಕೇಳದೆ ಹರಿಯುತ್ತಿತ್ತು.

ದಿವಾಡಿಯಲ್ಲಿ ಗದ್ದೆಗಳ ನಡುವಿನ ದಾರಿ ಹಿಡಿದು ಆಕೆ ಪಿಯೆದಾದಿಯ ಗುಡ್ಡದವರೆಗೆ ನಡೆದಳು. ಕದಂಬರ ಆರಾಧ್ಯದೈವ ಸಪ್ತಕೋಟೀಶ್ವರ ಮೊದಲು ಇದ್ದುದು ಈ ದ್ವೀಪದಲ್ಲಿ; ಪೋರ್ಚುಗೀಸರ ಕಾಲದಲ್ಲಿ ಗುಡಿ ಉರುಳಿ, ದೇವರು ನದಿ ದಾಟಿ ನಾರ್ವೆಗೆ ಹೋದ; ಅಲ್ಲಿ 1668ರಲ್ಲಿ ಶಿವಾಜಿ ಮಹಾರಾಜರು ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರು. ಮರದ ಕೆಳಗೆ ಬುತ್ತಿ ಬಿಚ್ಚಿದಳು. ಬೆಳಿಗ್ಗೆ ಬಡಿದ ರೊಟ್ಟಿ ಖಡಕ್ಕಾಗಿತ್ತು, ಮುರಿದರೆ ಸದ್ದಾಗುತ್ತಿತ್ತು. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆಗಲೇ ತಾಯಿಯ ಕರೆ. ಈ ಸಲ ಆಕೆ ಕೈ ಅಡ್ಡ ಹಿಡಿಯಲಿಲ್ಲ. ಗದ್ದೆಗಳೆಲ್ಲ ಕೇಳುವಂತೆ, “ಯವ್ವಾ, ರೊಟ್ಟಿ ತಿನ್ನಾಕ ಹತ್ತೀನಿ. ಇಲ್ಲಿ ಭಾಳ ತಂಪೈತಿ” ಎಂದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ತಿರುಗಿ ನೋಡಿ ಕೊಂಕಣಿಯಲ್ಲಿ, ಊಟ ಆಯಿತೇ ಎಂದು ಕೇಳಿ ಮುಂದೆ ಹೋದರು. ಆ ತಿರುಗಿ ನೋಡಿದ ಕಣ್ಣಿನಲ್ಲಿ ಹೆದರಬೇಕಾದದ್ದು ಏನೂ ಇರಲಿಲ್ಲ.

ಸಂಜೆ ಪಣಜಿಯಲ್ಲಿ ಒಂದು ಕೊನೆಯ ಸುಖ ಉಳಿದಿತ್ತು. ಇಟಲಿಯ ಐಸ್‌ಕ್ರೀಮಾದ ಜೆಲಾಟೊ ಮಾರುವ ಅಂಗಡಿಯ ಮುಂದೆ ಎರಡು ಬಾರಿ ಹಾದು, ಫಲಕದ ಮೇಲಿನ ಬೆಲೆ ಓದಿ, ಮೂರನೆಯ ಬಾರಿ ಒಳಗೆ ಹೋಗಿ ಪಿಸ್ತಾದ್ದನ್ನು ಕೊಂಡಳು. ಆ ಹಣಕ್ಕೆ ಮನೆಗೆ ಎರಡು ದಿನದ ಕಾಯಿಪಲ್ಲೆ ಬರುತ್ತಿತ್ತೆಂದು ಮನಸ್ಸು ಲೆಕ್ಕ ಹಾಕಿತು. ನಿಧಾನವಾಗಿ, ಕರಗಿ ಕೈಗೆ ಇಳಿಯದಂತೆ ತಿರುಗಿಸುತ್ತ, ಪೂರ್ತಿ ತಿಂದಳು. ಮನೆಗೆ ಏನನ್ನೂ ಕಟ್ಟಿಸಿಕೊಳ್ಳಲಿಲ್ಲ; ಅದು ವಾಸ್ಕೊವರೆಗೆ ಉಳಿಯುವ ವಸ್ತುವಲ್ಲವೆಂಬುದು ಅದೃಷ್ಟ.

ರಾತ್ರಿ ತಂದೆ ಮೊಬೈಲಿನಲ್ಲಿ ಚಿತ್ರಗಳನ್ನು ನೋಡಿದರು. ಬೆಸಿಲಿಕಾದ ಗೋಡೆಯ ಮೇಲೆ ಎರಡು ಬೆರಳಿಟ್ಟು ದೊಡ್ಡದು ಮಾಡಿ, “ಇಷ್ಟ ದೊಡ್ಡ ಗ್ವಾಡಿಗೆ ಗಿಲಾವ್ ಯಾಕ ಮಾಡಿಲ್ಲ?” ಎಂದು ಕೇಳಿದರು. ಇತ್ತೆಂದೂ ತೆಗೆದರೆಂದೂ ಅಲ್ಲಿ ಯಾರೋ ಹೇಳಿದ್ದನ್ನು ಮಗಳು ತಿಳಿಸಿದಳು. “ತಪ್ಪ ಮಾಡ್ಯಾರ, ಮಳಿಗೆ ಕಲ್ಲು ಕರಗತೈತಿ” ಎಂದರು. ಆ ಕಟ್ಟಡದ ರಕ್ಷಣೆಯ ಬಗ್ಗೆ ಚಿಂತಿಸುವ ಪರಿಣತರು ಹೇಳುತ್ತ ಬಂದಿರುವುದೂ ಇದನ್ನೇ. ನಂತರ ಅವರು ಫ್ಲಾರೆನ್ಸಿನ ಪೀಠದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ; ಮೊಬೈಲನ್ನು ಹಿಂದಕ್ಕೆ ಕೊಡುವುದನ್ನು ಮರೆತರು.

ತಾಯಿ ಒಲೆಯ ಮುಂದಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಪಾತ್ರೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲಲ್ಲಿ ನಿಂತು ಕೇಳಿದಳು:

“ಆ ದೋಣಿಗೆ ಖರೇನ ರೊಕ್ಕ ಇಲ್ಲೇನ ಮಗಳ?”

“ಇಲ್ಲ ಯವ್ವಾ.”

“ಹಂಗಾರ ಬರೂ ಐತವಾರ ನನಗ ಎರಡ ಮನಿ ಕೆಲಸ ಅಷ್ಟ,” ಎಂದು ಹೇಳಿ ತಾಯಿ ಮತ್ತೆ ಒಳಗೆ ಹೋದಳು.